ಕೆಳಗಿಡುವುದು

ಪೆನ್ರಿತ್ ಊರಿನ ಚಾಪೆಲ್ಲಿನ ಹಿಂಬದಿ ಕೋಣೆ,
ಮಂಗಳವಾರ ಸಂಜೆ ಆರೂವರೆ.
ಹೀಟರು ಗೊಣಗುತ್ತದೆ, ಬಿಸಿಯಾಗುವುದಿಲ್ಲ.
ಮಿಸೆಸ್ ಡಿಕ್ಸನ್ ಬೋರ್ಡಿನ ನಡುವೆ ಒಂದು ಪದ ಬರೆದು
ಸುತ್ತ ಗೀಟೆಳೆಯುತ್ತಾಳೆ,
ಮಕ್ಕಳು ಸೂರ್ಯನಿಗೆ ಎಳೆಯುವಂತೆ:
ಪುಟ್.

ಮೂರೇ ಅಕ್ಷರ. ಭೂತಕಾಲದಲ್ಲೂ ಅದೇ ಪುಟ್.
ನಿನ್ನೆ ಇಟ್ಟದ್ದಕ್ಕೂ ನಾಳೆ ಇಡುವುದಕ್ಕೂ
ಇವರಿಗೆ ವ್ಯತ್ಯಾಸವೇ ಇಲ್ಲವೇ, ಎಂದು
ಸೆಮ್ಹಾರ್ ಪಕ್ಕದ ಪೋಲಿಷ್ ಹುಡುಗನನ್ನು ಕೇಳಿದಳು.
ಅವನು ಭುಜ ಕುಣಿಸಿದ.

ಇಡು, ಹಾಕು, ತೊಡು, ಆರಿಸು, ಮುಂದೂಡು, ಸಹಿಸು:
ನಾವು ಒಂದೊಂದಕ್ಕೆ ಒಂದೊಂದು ಡಬ್ಬಿ ಇಟ್ಟುಕೊಂಡವರು.
ಅವರದು ಒಂದೇ ಚೀಲ,
ಬಾಯಿ ಕಟ್ಟುವ ದಾರ ಮಾತ್ರ ಬೇರೆ ಬೇರೆ.

ಕೋಟು, ಪುಟ್ ಆನ್. ದೀಪ, ಪುಟ್ ಔಟ್.
ರಾತ್ರಿ ಬೆಕ್ಕನ್ನೂ ಪುಟ್ ಔಟ್;
ಆರಿಸುವುದಲ್ಲ, ಹೊರಗೆ ಬಿಡುವುದು.
ಹಲ್ಲಿನ ಡಾಕ್ಟರನ್ನು ಪುಟ್ ಆಫ್.
ನೆಂಟರು ಬಂದರೆ ಪುಟ್ ಅಪ್,
ಬಂದ ನೆಂಟರು ಏಳದಿದ್ದರೆ ಪುಟ್ ಅಪ್ ವಿತ್.
ಇಲ್ಲಿ ಮಿಸೆಸ್ ಡಿಕ್ಸನ್ ತಾನೇ ನಕ್ಕಳು.
ಮನೆಯಲ್ಲಿ ಯಾರೋ ಇದ್ದಿರಬೇಕು.

ಪುಟ್ ಡೌನ್: ಚೀಲ ಕೆಳಗಿಡು. ಫೋನ್ ಕೆಳಗಿಡು.
ಅತ್ತು ಅತ್ತು ದಣಿದ ಮಗುವನ್ನು
ಎಚ್ಚರವಾಗದಂತೆ ತೊಟ್ಟಿಲಿಗೆ ಇಳಿಸು.
ಸೆಮ್ಹಾರ್ ತನ್ನ ಲಿಪಿಯಲ್ಲಿ ಬರೆದುಕೊಂಡಳು,
ಅಂಚಿನಲ್ಲಿ ಒಂದು ತೊಟ್ಟಿಲು ಬಿಡಿಸಿ.
ಬಸ್ಸಿನ ಹೊತ್ತಾಯಿತು.
ಉಳಿದದ್ದು ಮುಂದಿನ ವಾರ.

ಅವಳಿರುವುದು ಹದಿಮೂರು ಮೈಲಿ ಆಚೆ,
ಬೋಳುಗುಡ್ಡದ ಕೆಳಗಿನ ಕುರಿಮನೆಯಲ್ಲಿ.
ಯಜಮಾನ ಎಡ್ಗರ್ ಮೌನ್ಸಿ, ಎಪ್ಪತ್ತಾರು.
ಹೆಸರಿನಲ್ಲೇ ಅರ್ಧ ಮೌನ, ಉಳಿದರ್ಧ ಕೆಮ್ಮು.
ಅವನ ಮೊಣಕಾಲಿಗೆ ಪಟ್ಟಿ, ಒಲೆಗೆ ಕಟ್ಟಿಗೆ,
ತಾಯಿ ಸತ್ತ ಮರಿಗಳಿಗೆ ಬಾಟಲಿ ಹಾಲು
ಅವಳ ಕೆಲಸ.
ಮತ್ತೆ ನೆಲ್. ಹದಿನಾಲ್ಕು ವರ್ಷದ ನಾಯಿ.
ಒಂದು ಕಣ್ಣು ಹಾಲಾಗಿದೆ,
ಹಿಂಗಾಲು ಹೇಳಿದ ಮಾತು ಕೇಳುವುದಿಲ್ಲ.
ಕನಸಿನಲ್ಲಿ ಮಾತ್ರ ಈಗಲೂ ಕುರಿ ಅಟ್ಟುತ್ತದೆ.

ಬುಧವಾರ ಬೆಳಿಗ್ಗೆ ಗೋಡೆಗೆ ಮುಖ ಮಾಡಿ
ಎಡ್ಗರ್ ಫೋನಿನಲ್ಲಿ ಹೇಳಿದ್ದು ಇಷ್ಟು:
ಹೌದು. ನೆಲ್. ಪುಟ್ ಡೌನ್. ನಾಳೆ ಹತ್ತಕ್ಕೆ.

ಅವಳಿಗೆ ಅರ್ಥವಾಯಿತು!
ನಿನ್ನೆ ಬರೆದುಕೊಂಡ ಪದ
ಇವತ್ತು ವಿಳಾಸ ಹುಡುಕಿಕೊಂಡು ಮನೆಗೇ ಬಂತಲ್ಲ.
ಪಾಪ, ಬೆಂಚಿನಿಂದ ಇಳಿಯಲಾಗದು ಅದಕ್ಕೆ,
ನಾಳೆಯಿಂದ ಕೆಳಗೆ ಮಲಗಿಸುತ್ತಾರೆ.
ಹಳೆಯ ಕಂಬಳಿ ಒಗೆದಳು,
ಅಂಟುಮುಳ್ಳು ಒಂದೊಂದೇ ಕಿತ್ತಳು,
ಒಲೆಯೆದುರು ಒಣಗಿಸಿ, ಮೂಲೆಯಲ್ಲಿ ಹಾಸಿ,
ಮೇಲೆ ಕೂತು ನೋಡಿದಳು, ನೆಲದ ತಣ್ಣಗೆ ಹತ್ತುತ್ತದೋ ಎಂದು.
ಎಡ್ಗರ್ ನೋಡಿದ.
ಏನೋ ಹೇಳಲು ಬಾಯಿ ತೆರೆದವನು
ಟೋಪಿ ಹಾಕಿಕೊಂಡು ಮಳೆಗೆ ಹೋದ.

ಗುರುವಾರ ಹತ್ತಕ್ಕೆ ಪಶುವೈದ್ಯೆ ಮಿಸ್ ರೆಲ್ಫ್
ಬೂಟು ಬಾಗಿಲಲ್ಲೇ ಬಿಟ್ಟು, ಸಾಕ್ಸಿನಲ್ಲಿ, ಸದ್ದಿಲ್ಲದೆ ಬಂದಳು.
ಮುಂಗಾಲಿನ ಒಂದಿಷ್ಟು ರೋಮ ಬೋಳಿಸಿದಳು.
ಆಗ ಸೆಮ್ಹಾರ್‌ಗೆ ಪದದ ಇನ್ನೊಂದು ಬಾಗಿಲು ಕಂಡಿತು.
ಕೆಳಗೇ ಮಲಗಿಸಿದರು, ಅವಳ ಕಂಬಳಿಯ ಮೇಲೇ.
ನೆಲ್ ಅವಳ ಅಂಗೈ ಮೂಸಿತು, ಮರಿಹಾಲಿನ ವಾಸನೆ.
ಹಿಂಗಾಲು ನಡುಗುವುದನ್ನು ಬಿಟ್ಟಿತು.

ತೊಟ್ಟಿಲಿಗೂ ಇದಕ್ಕೂ ಒಂದೇ ಮಾತೇ?
ಸಿಟ್ಟಿನಲ್ಲಿ ಅವಳು ಕೇಳಿದ್ದು ಟಿಗ್ರಿನ್ಯಾದಲ್ಲಿ.
ಎಡ್ಗರ್ ಅದು ತಿಳಿದವನಂತೆ ಅಂದ:
ಇನ್ನೊಂದು ಪದ ಇದೆ.
ಅದನ್ನು ಹೇಳಲಾರದ್ದಕ್ಕೇ ಇದು.

ಗುದ್ದಲಿ ಅವಳೇ ಹಿಡಿದಳು. ನೆಲ ಕಲ್ಲು.
ಎಡ್ಗರ್ ಗೋಡೆಗೊರಗಿ ನಿಂತಿದ್ದ,
ಕೈಯಲ್ಲಿ ಸೀಟಿ, ಊದಲಿಲ್ಲ.
ಒಳಬಂದು ಅವನೇ ಕೆಟಲ್ ಇಟ್ಟ.
ಆ ಮನೆಯಲ್ಲಿ ಅವನು ಕೆಟಲ್ ಮುಟ್ಟಿದ್ದನ್ನು
ಅವಳು ಕಂಡದ್ದು ಅದೇ ಮೊದಲು.

ಮನೆಪಾಠಕ್ಕೆ ಐದು ವಾಕ್ಯ. ನಾಲ್ಕು ಬರೆದಳು.
ಐದನೆಯದಕ್ಕೆ
ಅಂಚಿನ ತೊಟ್ಟಿಲಿನಿಂದ ಹೊರಗೆ ಚಾಚಿದಂತೆ
ಒಂದು ಕಿವಿ ಬಿಡಿಸಿದಳು.