ಪಟ್ಟಿಯಲ್ಲಿ ಇಲ್ಲದ್ದು

ರೋಲಾದ ಹಿಂದಿನ ಗಲ್ಲಿ. ಮೆಟ್ಟಿಲ ಕೆಳಗೆ
ಒಂದೂವರೆ ಆಳಿನಗಲದ ಅಂಗಡಿ ನನ್ನದು.
ನನ್ನ ಬೆಸುಗೆಯ ಹೊಗೆ, ಪಕ್ಕದ ಕೆಫೆಟೀರಿಯಾದ ಪರೋಟದ ಹೊಗೆ
ಎರಡೂ ಒಂದೇ ಕಿಂಡಿಯಲ್ಲಿ ಹೊರಗೆ ಹೋಗಬೇಕು.

ಐತಪ್ಪ ಬಂದದ್ದು ಆಗಸ್ಟಿನ ಮಧ್ಯಾಹ್ನ,
ಶಾರ್ಜಾದ ಬೆಕ್ಕುಗಳೆಲ್ಲ ಕಾರಿನಡಿ ಸೇರಿದ ಹೊತ್ತು.
ಮೊಸರಿನ ಡಬ್ಬಿಯೊಳಗೆ, ಟಿಶ್ಯೂ ಸುತ್ತಿ ತಂದ
ನೀಲಿ ಮಿನಿಡಿಸ್ಕು; ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು,
ಕಿಟಕಿಯ ತಗಡು ಸಡಿಲ.
"ಇದರಲ್ಲಿ ದೇಜು ಇದ್ದಾನೆ."
ಯಂತ್ರಕ್ಕೆ ಹಾಕಿದೆ. ಗರ್ರೆಂದು ತಿರುಗಿ ಹೇಳಿತು:
ಖಾಲಿ.

"ಆರು ಅಂಗಡಿ ಸುತ್ತಿದೆ. ಎಲ್ಲ ಕಡೆ ಇದೇ ಮಾತು.
ಮತ್ತೆ ಆ ರಾತ್ರಿ ನಾವು ಏಳು ಜನ
ಗಂಟಲು ಹರಿಯುವಷ್ಟು ಅರ್ಥ ಹೇಳಿದ್ದು
ಎಲ್ಲಿಗೆ ಹೋಯ್ತು ಮಾರಾಯ್ರೆ?"

ಎಲ್ಲಿಗೂ ಹೋಗಿಲ್ಲ ಎಂದೆ.
ಈ ತಟ್ಟೆ ಮೊದಲು ಮಾತು ಬರೆದುಕೊಳ್ಳುತ್ತದೆ,
ಮುಗಿದ ಮೇಲೆ ಅಂಚಿನಲ್ಲೊಂದು ಪಟ್ಟಿ:
ಇಂತಿಂಥದು, ಇಲ್ಲಿಂದ ಇಲ್ಲಿಯವರೆಗೆ.
ಪಟ್ಟಿ ಬರೆಯುವ ಮೊದಲೇ ಸೆಲ್ಲು ಸತ್ತರೆ
ಮಾತೆಲ್ಲ ಒಳಗೇ ಉಂಟು, ಲೆಕ್ಕದಲ್ಲಿ ಇಲ್ಲ.

ಐತಪ್ಪ ನಕ್ಕ. "ಹಾಗಾದ್ರೆ ಇದೂ ಖಲ್ಲಿ ವಲ್ಲಿ."

ದೇಜು ಪುತ್ರನ್, ಟಗ್ಗಿನ ಖಲಾಸಿ.
ಕಫೀಲ ಕಂಪೆನಿ ಮುಚ್ಚಿ ಮಾಯವಾದ ಮೇಲೆ
ಪಾಸ್‌ಪೋರ್ಟೂ ಇಲ್ಲದೆ ನಾಲ್ಕು ವರ್ಷ ಇದೇ ಊರಿನಲ್ಲಿ
ಮೀನು ಕೊಯ್ದ, ಎಸಿ ತೊಳೆದ, ಪದ ಹೇಳಿದ.
ಕ್ಷಮಾದಾನದ ವರ್ಷ, ಸಾಲಿನಲ್ಲಿ ನಿಂತಲ್ಲೇ ಬಿದ್ದ.
ಮುಂದೆ ಹನ್ನೊಂದು ಜನ ಇದ್ದರಂತೆ.

ಮೂರು ದಿನ ಹಿಡಿಯಿತು.
ಅದು ಕೆಲಸವೂ ಅಲ್ಲ, ಒಂದು ಬಗೆಯ ಮೋಸ.
ಎಪ್ಪತ್ನಾಲ್ಕು ನಿಮಿಷ ಏನೂ ಇಲ್ಲದ,
ಆದರೆ ಪಟ್ಟಿ ಸರಿಯಿರುವ ಬೇರೊಂದು ತಟ್ಟೆಯನ್ನು ಮೊದಲು ಓದಿಸಬೇಕು.
ಬಾಗಿಲು ಕಾಯುವ ಪುಟ್ಟ ಸ್ವಿಚ್ಚನ್ನು ಟೇಪು ಹಾಕಿ ಒತ್ತಿಟ್ಟು,
ಕರೆಂಟು ಇರುವಾಗಲೇ, ಉಗುರಿನಲ್ಲಿ
ಅದನ್ನು ಎತ್ತಿ ಇದನ್ನು ಕೂರಿಸಬೇಕು.
ಪರರ ಕಾಗದ ನೋಡಿ ಯಂತ್ರ ಇವನನ್ನು ಒಳಗೆ ಬಿಡುತ್ತದೆ.
ಎರಡು ಸಲ ಸಿಕ್ಕಿಬಿದ್ದೆ. ಮೂರನೆಯ ಸಂಜೆ, ಐತಪ್ಪನ ಎದುರೇ:

"ಒಂಜಿ, ರಡ್ಡ್, ಮೂಜಿ. ಕೇಣುಂಡಾ?"

ಐತಪ್ಪ ಸ್ಟೂಲಿನಿಂದ ಎದ್ದು ನಿಂತ.

ಅಕ್ಕಿ ಡ್ರಮ್ಮಿನ ಮೇಲೆ ಬೆರಳ ತಾಳ.
ಸಂಧಾನಕ್ಕೆ ಬಂದವನೂ ಒಪ್ಪದವನೂ
ಬನಿಯನ್ನಿನಲ್ಲಿ ಕೂತು ರಾಜ್ಯ ಹಂಚುವ ಜಗಳ.
ಇಶಾದ ಬಾಂಗಿಗೆ ಅರ್ಧಕ್ಕೇ ನಿಂತ ವಾಕ್ಯ,
ಮುಗಿದ ಮೇಲೆ ಅದೇ ಅಕ್ಷರದಿಂದ ಎತ್ತಿಕೊಂಡದ್ದು.
"ಸಕ್ಕರೆ ಕಮ್ಮಿ ಯಾರಿಗೆ?" ಎಂಬ ಎಳೆಯ ದನಿ.
"ಅದು ನಾನು" ಎಂದ ಐತಪ್ಪ, ಸಾಕ್ಷಿ ಬೇಕಾದವನ ಹಾಗೆ.

ನಲವತ್ತೊಂದನೆಯ ನಿಮಿಷಕ್ಕೆ ಬಾಗಿಲು ಬಡಿತ.
ತಾಳ ನಿಂತಿತು. ಚಾಪೆ ಸರಿಯಿತು.
ಹ್ಯಾಂಗರುಗಳ ಕಿಣಿಕಿಣಿ; ಒಂದು ಕೀಲು ಕಿರುಗುಟ್ಟಿ ಸುಮ್ಮನಾಯಿತು.
ತಟ್ಟೆ ಕೆಟ್ಟಿತೆಂದು ಕೈ ಚಾಚಿದೆ.
ಐತಪ್ಪ ನನ್ನ ಮಣಿಕಟ್ಟು ಹಿಡಿದ.

ಕಪಾಟಿನೊಳಗೆ ಅವನು. ಮಡಿಲಲ್ಲಿ ಯಂತ್ರ,
ನಿಲ್ಲಿಸಲು ಮರೆತದ್ದು.
ನಾಲ್ಕು ನಿಮಿಷ ಹನ್ನೊಂದು ಸೆಕೆಂಡು
ದೇಜು ಉಸಿರಾಡುತ್ತಾನೆ.
ಬಾಯಿಯಿಂದ; ಮೂಗಿನದು ಕೇಳಿಸೀತೆಂದು.
ಒಮ್ಮೆ ಉಗುಳು ನುಂಗುತ್ತಾನೆ.
ಹಲಗೆಯಾಚೆ ಯಾರೋ ಮಲಯಾಳದಲ್ಲಿ ಸಾವಕಾಶ ಮಾತಾಡುತ್ತಾರೆ.
ಆಮೇಲೆ ನಗು, ಬೆಳಕಿನಂಥ ಸದ್ದು:
"ಹೊರಗೆ ಬಾ ಮಾರಾಯ,
ಕೆಳಗಿನ ಮನೆಯವ. ಎರಡು ಈರುಳ್ಳಿ ಬೇಕಂತೆ."

ಮುಂದೆ ಹಾಡಿದ್ದಾನೆ, ಚೆನ್ನಾಗಿಯೇ,
ಸೆಲ್ಲು ಸಾಯುವವರೆಗೆ ಹದಿನಾಲ್ಕು ನಿಮಿಷ.
ಐತಪ್ಪ ಅದನ್ನು ಪೂರ್ತಿ ಕೇಳಲಿಲ್ಲ.
"ಹಿಂದೆ ಹೋಗಿ. ಕಪಾಟಿಗೆ."
ಮತ್ತೊಮ್ಮೆ. ಮತ್ತೂ ಒಮ್ಮೆ.
ಪರೋಟದವನು ಶಟರು ಎಳೆದ.

ಅಷ್ಟನ್ನೇ ಕತ್ತರಿಸಿ ಪೆನ್‌ಡ್ರೈವಿಗೆ ಹಾಕಿದೆ.
ಹೆಸರೇನು ಬರೆಯಲಿ ಎಂದೆ.
"ಬರೆಯಬೇಡಿ," ಬಾಗಿಲಿನತ್ತ ನೋಡಿ ಅಂದ,
"ಹೆಸರು ಕಂಡರೆ ಹಿಡಿದುಬಿಡ್ತಾರೆ."