ಪಾಪ ಎಂದರೆ ಆಲೂಗಡ್ಡೆ

ವಾಚಿನ ಕಾರ್ಖಾನೆ ಮುಚ್ಚಿದ ಮೇಲೆ ಕೈಗೆ ಸಿಕ್ಕ ಪುರುಸೊತ್ತಿಗೆ
ನಾನು ಸ್ಪ್ಯಾನಿಷ್ ಕಲಿಯಲು ಹೋದೆ,
ಕ್ವೀನ್ಸ್ ರಸ್ತೆಯ ಕನ್ನಡಕದಂಗಡಿಯ ಮಹಡಿಗೆ.
ಚಪ್ಪಲಿಯ ಜೊತೆ ಕನ್ನಡವನ್ನೂ
ಮೆಟ್ಟಿಲ ಬಳಿ ಬಿಟ್ಟು ಬರಬೇಕೆಂದು ಅಲ್ಲಿನ ನಿಯಮ.

ಸೋಮವಾರ ಬೆಗೋನ್ಯಾ, ಬಿಲ್ಬಾವೊದವಳು.
ಗುರುವಾರ ನೆಮೆಸಿಯೊ ಕಿಸ್ಪೆ, ಕುಸ್ಕೊ ಬೆಟ್ಟದವನು.
ಅವಳು ನಾಲಗೆಯನ್ನು ಹಲ್ಲಿಗೆ ಕಚ್ಚಿಸಿ ‘ಗ್ರಾಥಿಯಾಸ್’ ಅನ್ನಿಸಿದ್ದನ್ನು
ಇವನು ಮೂರೇ ದಿನದಲ್ಲಿ ‘ಗ್ರಾಸಿಯಾಸ್’ ಎಂದು ತೊಳೆದುಬಿಡುವನು.
ನಮ್ಮತ್ತೆ ಮೈಸೂರಿನವರು, ನಾನು ಧಾರವಾಡದವಳು;
ಈ ಜಗಳ ನನಗೆ ಗೊತ್ತು ಅಂದುಕೊಂಡೆ.
ಅಷ್ಟೇನೂ ಗೊತ್ತಿರಲಿಲ್ಲ.

ಒಂದು ಶನಿವಾರ ಪಾಠ ರಸೆಲ್ ಮಾರ್ಕೆಟ್ಟಿನಲ್ಲಿ.
ಮೆಣಸಿನಕಾಯಿ ರಾಶಿಗೆ ಬೆರಳು ತೋರಿದೆ.
ಪಿಮಿಯೆಂತೊ, ಅಂದಳು ಬೆಗೋನ್ಯಾ.
ಉಚು, ಅಂದ ನೆಮೆಸಿಯೊ, ಅವನಜ್ಜಿಯ ಮಾತಿನಲ್ಲಿ.
ನಮ್ಮ ಕರಿಮೆಣಸು ಹುಡುಕಿ ಹೊರಟು ದಿಕ್ಕು ತಪ್ಪಿದವರು
ಅಲ್ಲಿ ಸಿಕ್ಕ ಖಾರಕ್ಕೂ ಮೆಣಸಿನದೇ ಹೆಸರಿಟ್ಟರಂತೆ.
ನಾವೇನು ಕಮ್ಮಿ?
ಹಡಗು ತಂದಿಳಿಸಿದ ಕಾಯಿಗೆ ನಾವೂ ಮೆಣಸಿನಕಾಯಿ ಅಂದೆವು.
ಎರಡು ದಡದಲ್ಲಿ ಒಂದೇ ತಪ್ಪು,
ಒಗ್ಗರಣೆಯಲ್ಲಿ ಚಟಪಟ.

ಹಾಗೇ, ಸಿಕ್ಕ ಜನಕ್ಕೆ ನಮ್ಮ ಹೆಸರು.
“ನಮ್ಮಜ್ಜಿ ಪೇಟೆಗೆ ಇಳಿದರೆ,”
ಟೊಮೆಟೊ ಒತ್ತಿ ನೋಡುತ್ತ ನೆಮೆಸಿಯೊ ಹೇಳಿದ,
“ಥೂ, ಇಂದಿಯಾ, ಅನ್ನುತ್ತಿದ್ದರು.
ನಿಮ್ಮ ದೇಶದ ಹೆಸರು ಅಲ್ಲಿ ಬೈಗುಳ.
ಇಲ್ಲಿ ವಿಮಾನ ಇಳಿದು, ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಕಂಡು
ನನ್ನ ಬೆನ್ನು ತಾನಾಗಿ ಬಾಗಿತು.”
ಬೆಗೋನ್ಯಾ ಕೊತ್ತಂಬರಿ ಕಟ್ಟಿನ ನಾರು ಬಿಚ್ಚಿದಳು,
ಮತ್ತೆ ಕಟ್ಟಿದಳು.

ಮೂವತ್ತು ವರ್ಷದಿಂದ ಗೆಡ್ಡೆ ಮಾರುವ ಆರೋಗ್ಯಮೇರಿ
“ಏನ್ ಬೇಕಂತಮ್ಮ ಇವ್ರಿಗೆ?” ಅಂದಳು.
ನೆಮೆಸಿಯೊ ಒಂದು ಆಲೂಗಡ್ಡೆ ಎತ್ತಿ, ಮಣ್ಣು ಒರೆಸಿ, ಮೂಸಿ,
“ಪಾಪ” ಅಂದ.
“ಪತಾತ” ಎಂದು ತಿದ್ದಿದಳು ಬೆಗೋನ್ಯಾ, ಅಭ್ಯಾಸಬಲ.
“ಪಾಪ,” ಅಂದ ಅವನು ಇನ್ನೊಮ್ಮೆ, ಮೆತ್ತಗೆ.
ಆರೋಗ್ಯಮೇರಿ ನನ್ನ ಮುಖ ನೋಡಿದಳು:
“ಯಾರು ಮಾಡಿದ್ದು?”

ಹೇಗೆ ತಿಳಿಸಲಿ? ಬಂದಷ್ಟು ಸ್ಪ್ಯಾನಿಷಿನಲ್ಲಿ, ಕ್ರಿಯಾಪದ ಮುರಿಯುತ್ತ ಹೇಳಿದೆ:
ನಮ್ಮಲ್ಲಿ ಪಾಪ ಅಂದರೆ ತೊಳೆದರೂ ಹೋಗದ್ದು.
ಪಾಪ ಅಂದರೆ, ಕಂಡರೆ ಅಯ್ಯೋ ಅನ್ನಿಸುವುದು.
ತೊಟ್ಟಿಲಲ್ಲಿ ಮಲಗಿದ ಕೂಸಿಗೂ ಪಾಪ ಅನ್ನುವುದುಂಟು.

ಬೆಗೋನ್ಯಾ ಬಹಳ ಹೊತ್ತು ಸುಮ್ಮನಿದ್ದಳು.
ಆಮೇಲೆ, “ನನ್ನಜ್ಜನ ತಮ್ಮ ಯುದ್ಧ ಸೋತು ಹಡಗೇರಿದ.
ಪಕ್ಕದ ಮನೆಯವರೇ ಬಾಗಿಲು ಹಾಕಿಕೊಂಡ ಕಾಲ.
ವೆರಾಕ್ರೂಸ್ ಬಂದರಿನಲ್ಲಿ ಯಾರೋ ಹೆಂಗಸು
ಮೆಕ್ಕೆಜೋಳದ ಬಿಸಿ ರೊಟ್ಟಿ ಕೈಗಿಟ್ಟು
ಬಾ ಮಗನೇ, ಅಂದಳಂತೆ,
ನಾವು ಅವಳ ಬಾಯಿಗೆ ತುರುಕಿದ್ದ
ಅದೇ ಮಾತಿನಲ್ಲಿ.”

ನೆಮೆಸಿಯೊ ನಗಲಿಲ್ಲ. ಕ್ಷಮಿಸಿದಂತೆಯೂ ಕಾಣಲಿಲ್ಲ.
“ನನಗೂ ಕನಸು ಬೀಳುವುದು ಅದೇ ಮಾತಿನಲ್ಲಿ.
ಏನು ಮಾಡಲಿ,” ಅಂದ.
ಚೀಲ ಹಿಡಿ ಎಂದು ಅವಳಿಗೆ ಸನ್ನೆ ಮಾಡಿ
ಒಂದೊಂದೇ ಗೆಡ್ಡೆ ಆರಿಸತೊಡಗಿದ.

ತಕ್ಕಡಿ ಆ ಕಡೆ ಈ ಕಡೆ ತೂಗಿ ನಿಂತಿತು.
ಆರೋಗ್ಯಮೇರಿ ಮೇಲೆರಡು ಹಾಕಿ,
“ಪಾಪ, ದೂರದೋರು,” ಅಂದಳು.