ನಡೆಯುವ ಧೂಳು

ಮೊದಲು ಧೂಳೆಂದುಕೊಂಡೆ.
ಮೂವತ್ತೊಂದು ವರ್ಷ ಗಿರಣಿಯ ಕೊನೆಯ ಮೇಜಿನಲ್ಲಿ
ಬಟ್ಟೆಯ ದೋಷ ಹುಡುಕುತ್ತ ನಿಂತವಳಿಗೆ
ಧೂಳೆಂದರೆ ಹತ್ತಿಯ ಧೂಳು:
ರೆಪ್ಪೆಯ ಮೇಲೆ, ಸೂಪಿನ ಮೇಲೆ, ಗಂಡನ ಮೀಸೆಯ ಮೇಲೆ.
ಊದಿದರೆ ಹಾರುತ್ತದೆ, ಹಾರಿ ಮತ್ತೆಲ್ಲೋ ಕೂರುತ್ತದೆ.

ಇದು ಹಾರಲಿಲ್ಲ.
ನಿನ್ನ ಹೆಗಲ ನಡುವೆ, ನಿನ್ನ ನಾಲಿಗೆ ಎಟುಕದ ಜಾಗದಲ್ಲಿ
ಒಂದಿಷ್ಟು ಸರಿಯಿತು.

ಕ್ವೆಂಬೆಕ್, ನೂಲುಂಡೆಯೇ,
ಆ ಹೆಸರಿಟ್ಟದ್ದು ಮೊಮ್ಮಗಳು. ಇಟ್ಟು,
ಎರಡು ವಾರ ಮುದ್ದಿಸಿ, ಸೀನಿ, ಅಲರ್ಜಿಯೆಂದು
ನಿನ್ನನ್ನು ನನ್ನ ನಾಲ್ಕನೇ ಮಹಡಿಗೆ ದಾಟಿಸಿದಳು
ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕ ಹುಲ್ಲಿನ ಮೂಟೆಯ ಸಮೇತ.
ಈ ಊರಿನ ಹೆಸರು ವೂಚ್. ಅಂದರೆ ದೋಣಿ.
ನದಿಗಳೆಲ್ಲ ನೆಲದಡಿ ಹರಿಯುತ್ತವೆ, ಕಾಣುವುದಿಲ್ಲ.
ದೋಣಿಗೆ ಯಾರು ಯಾರು ಹತ್ತಿದರೆಂದು
ಹುಲ್ಲು ಬಿಚ್ಚುವಾಗ ನಾನೂ ನೋಡಲಿಲ್ಲ.

ನೀನು ಕೆರೆದುಕೊಂಡೆ. ಕೆರೆದುಕೊಂಡೇ ಇದ್ದೆ.
ಬೆನ್ನ ಮೇಲೊಂದು ಬೋಳು ಕಂಡಿತು, ನಾಣ್ಯದಷ್ಟು.

ಕೆಳಮನೆಯ ಜೆನೊನ್ ಏದುಸಿರು ಬಿಡುತ್ತ ಹತ್ತಿಬಂದ.
ಅವನ ನಾಯಿ ಸತ್ತು ವರ್ಷವಾಯಿತು,
ಅದರ ಔಷಧಿ ಮಾತ್ರ ಇನ್ನೂ ಬದುಕಿದೆ.
"ಚಿಗಟಕ್ಕೆ ಹಾಕುವ ಹನಿ. ಅರ್ಧ ಸಾಕು.
ನಾಯಿಯಾದರೇನು, ಮೊಲವಾದರೇನು, ತೊಗಲು ತೊಗಲೇ."
ತಾನು ಹಿಡಿದ ಮೊಲಕ್ಕೆ ಮೂರೇ ಕಾಲೆನ್ನುವ ಮನುಷ್ಯ,
ಹಿಡಿದವನೂ ಅವನಲ್ಲ, ಮೊಲವೂ ಅವನದಲ್ಲ.
ಆದರೂ ಕೊಳವೆಯ ಮೂತಿ ಕತ್ತರಿಸಲು
ನಾನು ಕತ್ತರಿ ಹುಡುಕಿದೆ.
ಕತ್ತರಿ ಸಿಗಲಿಲ್ಲ.

ಮರುದಿನ ಟ್ರಾಮು, ಹನ್ನೊಂದು ನಿಲ್ದಾಣ, ನೀನು ಬ್ರೆಡ್ಡಿನ ಬುಟ್ಟಿಯಲ್ಲಿ.
ಡಾಕ್ಟರ್ ದೊಬ್ರಾವಾ ಹುಬ್ಬಿಗೆ ಉಂಗುರ ಹಾಕಿದ ಹುಡುಗಿ.
ಕಪ್ಪು ಕಾಗದ ಹಾಸಿ ನಿನ್ನ ಮೇಲೆ ಬಾಚಣಿಗೆ ಎಳೆದಳು.
ಬಿಳಿ ಚುಕ್ಕೆಗಳು ಉದುರಿದವು.
"ಕಾಯಿರಿ" ಅಂದಳು.
ಕಾದೆವು.
ಒಂದು ಚುಕ್ಕೆ, ಯಾರೂ ನೋಡುತ್ತಿಲ್ಲವೆಂದುಕೊಂಡು,
ಹೊರಟಿತು.

"ನುಸಿ. ನಡೆಯುವ ಹೊಟ್ಟು ಅಂತೀವಿ."
ಬಾಚಣಿಗೆ ಒರೆಸುತ್ತ ಕೇಳಿದಳು:
"ನಾಯಿಯ ಹನಿ ಏನೂ ಹಾಕಿಲ್ಲ ತಾನೆ?
ಕೆಲವು ಹನಿಗೆ ಮೊಲ ಸತ್ತೇ ಹೋಗುತ್ತೆ."
ಕತ್ತರಿಯ ವಿಷಯ ನಾನು ಹೇಳಲಿಲ್ಲ.
ಮನೆಯಲ್ಲಿ ಅದು ಹಿಟ್ಟಿನ ಡಬ್ಬಿಯ ಹಿಂದೆ ಇತ್ತು,
ಎಂದೂ ಇಡದ ಜಾಗದಲ್ಲಿ.

"ನಿಮ್ಮ ತೋಳು ತೋರಿಸಿ."
ತೋಳಿನ ಒಳಮೈಯಲ್ಲಿ ಕೆಂಪು ಗಂಧೆ, ಮೊಣಕೈವರೆಗೆ,
ರಾತ್ರಿ ಸುದ್ದಿ ನೋಡುವಾಗ ನೀನು ಒರಗುವ ಕಡೆ.
"ಇದೂ ಅವೇ. ನಿಮ್ಮ ಮೇಲೆ ಬಾಳಲಾರವು, ತಾವೇ ಹೋಗುತ್ತವೆ.
ತುಂಬ ಎತ್ತಿಕೊಳ್ಳುತ್ತೀರಿ, ಅಲ್ವಾ?"
'ಮೇವು ಹಾಕುತ್ತೇನೆ ಅಷ್ಟೆ, ಮುಟ್ಟುವುದೂ ಇಲ್ಲ' ಎಂದು
ಮಗನಿಗೆ ಫೋನಿನಲ್ಲಿ ಹೇಳುತ್ತ ಬಂದವಳ ತೋಳು ಅದು.
ತೋಳು ಎಳೆದುಕೊಂಡು ಕೋಟು ಹಾಕಿಕೊಂಡೆ.

ಕತ್ತಿನ ಹಿಂದೆ ಒಂದು ಹನಿ, ನಿನ್ನ ತೂಕ ನೋಡಿ ಅಳೆದದ್ದು.
ಎರಡು ವಾರ ಬಿಟ್ಟು ಇನ್ನೊಂದು. ಆಮೇಲೆ ಮತ್ತೊಂದು.
ಸ್ನಾನ ಮಾತ್ರ ಬೇಡ, ಹೆದರಿಕೆಗೇ ಎದೆ ಒಡೆದೀತು.
ಹುಲ್ಲಿನ ಮೂಟೆ ಕಸಕ್ಕೆ. ಕಂಬಳಿ ಕುದಿನೀರಿಗೆ.
ಗಂಡನ ಕುರ್ಚಿಯ ದಿಂಬೂ ಕುದಿನೀರಿಗೆ; ಒಣಗಿದ ಮೇಲೆ
ಅದರಲ್ಲಿ ಅವನ ತಂಬಾಕಿನ ವಾಸನೆ ಇರಲಿಲ್ಲ.
ಇದನ್ನು ಡಾಕ್ಟರ್ ಚೀಟಿಯಲ್ಲಿ ಬರೆದಿರಲಿಲ್ಲ.

ಇವತ್ತು ಮೂರನೇ ಹನಿಯಾಗಿ ಹತ್ತು ದಿನ.
ಬೀರುವಿನಿಂದ ಕಪ್ಪು ಮಖಮಲ್ಲು ತೆಗೆದೆ,
ಗಿರಣಿ ಮುಚ್ಚಿದ ದಿನ ಕೋಟಿನೊಳಗೆ ತಂದ ಒಂದು ಮೀಟರ್,
ದೋಷವಿಲ್ಲದ್ದು, ನಾನೇ ಮೊಹರು ಹೊಡೆದದ್ದು.
ನಿನ್ನನ್ನು ಅದರ ಮೇಲೆ ಕೂರಿಸಿ, ದೀಪ ಬಗ್ಗಿಸಿ, ಬಾಚಿದೆ.
ಬೋಳಿನಲ್ಲಿ ಹೊಸ ರೋಮ, ಬೂದಿ ಬಣ್ಣ, ಬೆರಳಿಗೆ ಸಿಗದಷ್ಟು ಮೆತ್ತಗೆ.
ನಾಲ್ಕೈದು ಚುಕ್ಕೆ ಬಿದ್ದವು.
ಕಾದೆ.
ಒಂದು ಅಲುಗಿತೇ? ನನ್ನ ಉಸಿರೇ ಇರಬೇಕು.
ಉಸಿರು ಹಿಡಿದು ಮತ್ತೆ ನೋಡುತ್ತಿದ್ದೇನೆ,
ನೀನೋ, ಮಖಮಲ್ಲಿನ ಅಂಚು ತಿನ್ನತೊಡಗಿದ್ದೀಯ.